ಊರಿನ ಶುಂಠಿಯಿಂದ ಮನೆಯಲ್ಲೇ ಶುಂಠಿ ಬಿಯರ್

ಮೊಸರಿಗೆ ಹೆಪ್ಪು ಬೇಕಾದಂತೆ ಶುಂಠಿ ಬಿಯರಿಗೂ ಒಂದು ಹೆಪ್ಪು ಬೇಕು. ಅದನ್ನು ಅಂಗಡಿಯಿಂದ ತರಬೇಕಿಲ್ಲ, ಶುಂಠಿಯ ಸಿಪ್ಪೆಯ ಮೇಲೆಯೇ ಯೀಸ್ಟ್ ಇರುತ್ತದೆ. ಕಳ್ಳು ಹಾಕಿ ಇಡ್ಲಿಯಂಥ ಸಾನ್ನಾಂ ಹಿಟ್ಟು ಉಬ್ಬಿಸುವ ಮಂಗಳೂರಿನ ಅಡುಗೆಮನೆಗಳಿಗೆ ಈ ವಿದ್ಯೆ ಹೊಸದೇನಲ್ಲ.

ಹೆಸರಿನಲ್ಲಿ ಬಿಯರ್ ಇದ್ದರೂ ಇದಕ್ಕೆ ಬಾರ್ಲಿಯೂ ಬೇಡ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವೂ ಬೇಡ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದ ಪಾನೀಯ ಇದು. ಅಲ್ಲಿನ ಮನೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಹೆಪ್ಪಿನಲ್ಲಿ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಜೊತೆಯಾಗಿ ಬಾಳುತ್ತವೆ ಎಂದು 1892ರಲ್ಲಿ ವಿವರಿಸಿದವರು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್. ಸಿಲೋನಿನ ಕಾಫಿ ತೋಟಗಳ ತುಕ್ಕು ರೋಗವನ್ನು ಅಧ್ಯಯನ ಮಾಡಿದ್ದೂ ಇವರೇ.

ಮೊದಲು ಶುಂಠಿ. ತೊಳೆದು ಹೊಳಪು ಬರಿಸಿದ ದಪ್ಪ ಶುಂಠಿ ಬೇಡ. ಮಣ್ಣು ಅಂಟಿರುವ, ಸಣ್ಣ ಬೆರಳಿನ, ಮುರಿದರೆ ಮೂಗಿಗೆ ಘಾಟು ಹೊಡೆಯುವ ಊರಿನ ಶುಂಠಿಯನ್ನೇ ಕೇಳಿ ತನ್ನಿ. ಮಣ್ಣು ಹೋಗುವಷ್ಟು ತೊಳೆದರೆ ಸಾಕು, ಸಿಪ್ಪೆ ತೆಗೆಯಬೇಡಿ.

ನಂತರ ನೀರು. ಮಂಗಳೂರಿಗೆ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರಿಗೆ ಕ್ಲೋರಿನ್ ಸೇರಿರುತ್ತದೆ, ಅದು ಹೆಪ್ಪಿನ ಜೀವ ತೆಗೆಯುತ್ತದೆ. ಬಾವಿ ನೀರಾದರೂ ಸರಿ, ನಳ್ಳಿ ನೀರಾದರೂ ಸರಿ, ಚೆನ್ನಾಗಿ ಕುದಿಸಿ ಪೂರ್ತಿ ಆರಿಸಿ ಬಳಸಿ.

ಶುದ್ಧ ಭರಣಿ ಅಥವಾ ಗಾಜಿನ ಜಾಡಿಯಲ್ಲಿ ಅರ್ಧ ಲೀಟರ್ ನೀರು, ಎರಡು ದೊಡ್ಡ ಚಮಚ ತುರಿದ ಶುಂಠಿ, ಎರಡು ಚಮಚ ಸಕ್ಕರೆ ಹಾಕಿ ಕಲಕಿ. ತೆಳು ಬಟ್ಟೆ ಕಟ್ಟಿ ಬಿಸಿಲು ಬೀಳದ ಕಡೆ ಇಡಿ. ದಿನವೂ ಒಂದೊಂದು ಚಮಚ ಶುಂಠಿ, ಸಕ್ಕರೆ ಸೇರಿಸಿ ಒಣ ಚಮಚದಲ್ಲಿ ತಿರುವಿ.

ಇಲ್ಲಿ ನಮ್ಮ ಊರಿನ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಚಳಿ ದೇಶದವರು ಬರೆದ ವಿಧಾನಗಳು ವಾರ ಕಾಯಿರಿ ಎನ್ನುತ್ತವೆ. ಏಪ್ರಿಲ್‌ನಲ್ಲಿ ನಮ್ಮ ಮನೆಯ ಜಾಡಿ ಮೂರನೇ ದಿನಕ್ಕೇ ಎಚ್ಚರವಾಗುತ್ತದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಐದು ದಿನ ಹಿಡಿಯುತ್ತದೆ. ಕ್ಯಾಲೆಂಡರ್ ಬಿಟ್ಟು ಜಾಡಿಯನ್ನೇ ನೋಡಿ. ತುರಿಯೆಲ್ಲ ಮೇಲಕ್ಕೆ ತೇಲಿ, ಚಮಚ ಹಾಕಿದೊಡನೆ ಅಂಚಿನಿಂದ ಸಣ್ಣ ನೊರೆ ಎದ್ದು, ಕಿವಿ ಹತ್ತಿರ ತಂದರೆ ಸುಯ್ ಎನ್ನುವ ಸದ್ದು ಕೇಳಬೇಕು. ಹಿತವಾದ ಹುಳಿ ವಾಸನೆ ಬಂದರೆ ಹೆಪ್ಪು ತಯಾರು. ಕಪ್ಪು, ಹಸಿರು ಅಥವಾ ಗುಲಾಬಿ ಬೂಸ್ಟು ಕಂಡರೆ ಪೂರ್ತಿ ಚೆಲ್ಲಿ, ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಈಗ ಬಿಯರ್. ಎರಡು ಲೀಟರ್ ನೀರಿಗೆ 100 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಬೆಲ್ಲ ಹಾಕಿ ಕಾಲು ಗಂಟೆ ಕುದಿಸಿ. ಓಲೆಬೆಲ್ಲ (ತಾಳೆ ಬೆಲ್ಲ) ಸಿಕ್ಕರೆ ಬಿಡಬೇಡಿ, ಅದರ ಹೊಗೆಯ ಪರಿಮಳ ಶುಂಠಿಯ ಖಾರಕ್ಕೆ ಸೊಗಸಾಗಿ ಹೊಂದುತ್ತದೆ. ಪೂರ್ತಿ ತಣಿದ ಮೇಲೆ ಸೋಸಿ, ಎರಡು ಲಿಂಬೆಯ ರಸ ಹಿಂಡಿ, ಒಂದು ಲೋಟ ಸೋಸಿದ ಹೆಪ್ಪು ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಯೀಸ್ಟ್ ಸಾಯುತ್ತದೆ. ಲಿಂಬೆಯ ಬದಲು ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿದ ನೀರು ಹಾಕಿದರೆ ಬಣ್ಣವೂ ಚೆಂದ, ನನಗೆ ಅದೇ ಹೆಚ್ಚು ಇಷ್ಟ.

ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಎರಡು ಇಂಚು ಜಾಗ ಬಿಟ್ಟು ತುಂಬಿಸಿ. ಗಾಜಿನದ್ದು ಬೇಡವೇ ಬೇಡ. ಒಂದು ಮೇ ತಿಂಗಳಲ್ಲಿ ನಾನು ಗಾಜಿನ ಬಾಟಲಿಯನ್ನು ಎರಡು ದಿನ ಹೊರಗಿಟ್ಟಿದ್ದೆ. ರಾತ್ರಿ ಅದು ಸಿಡಿದು ಚೂರುಗಳು ಒಲೆಕಟ್ಟೆಯವರೆಗೂ ಹಾರಿದ್ದವು, ಅಡುಗೆಮನೆಯಲ್ಲಿ ಯಾರೂ ಇರಲಿಲ್ಲವೆಂಬುದೇ ಪುಣ್ಯ. ಪ್ಲಾಸ್ಟಿಕ್ ಆದರೆ ಕೈಯಲ್ಲಿ ಒತ್ತಿ ನೋಡಬಹುದು. ಬಾಟಲಿ ಕಲ್ಲಿನಂತೆ ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಬೇಕು. ಬೇಸಿಗೆಯಲ್ಲಿ ಒಂದು ದಿನ ಸಾಕು.

ಹೊರಗೆ ಹೆಚ್ಚು ದಿನ ಬಿಟ್ಟಷ್ಟೂ ಆಲ್ಕೋಹಾಲ್ ಏರುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಹಾಗಾಗಿ ಗ್ಯಾಸ್ ತುಂಬಿದ ತಕ್ಷಣ ತಣ್ಣಗಾಗಿಸಿ, ವಾರದೊಳಗೆ ಕುಡಿದು ಮುಗಿಸಿ. ಎಷ್ಟೇ ಜಾಗ್ರತೆ ಮಾಡಿದರೂ ಅಲ್ಪ ಪ್ರಮಾಣ ಇದ್ದೇ ಇರುತ್ತದೆ, ಮಕ್ಕಳಿಗೂ ಗರ್ಭಿಣಿಯರಿಗೂ ಕೊಡಬೇಡಿ.

ಉಳಿದ ಹೆಪ್ಪನ್ನು ಫ್ರಿಜ್‌ನಲ್ಲಿಟ್ಟು ವಾರಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಕೊಡಿ. ಮುಂದಿನ ಸಲ ಮಾಡುವ ಹಿಂದಿನ ದಿನ ಹೊರಗೆ ತೆಗೆದಿಟ್ಟರೆ ಮತ್ತೆ ನೊರೆ ಏಳುತ್ತದೆ.