ಲೈಟಿನ ಜಾಗಕ್ಕೆ ರಿಮೋಟ್ ಫ್ಯಾನ್: ಮೊದಲು ಹುಕ್ಕು ನೋಡಿ

ಕೆಲವು ಹಳೇ ಮನೆಗಳಲ್ಲಿ ರೂಮಿನ ನಟ್ಟನಡುವೆ ಲೈಟಿರುತ್ತದೆ, ಫ್ಯಾನಿಗೆ ಪಾಯಿಂಟೇ ಇರುವುದಿಲ್ಲ. ಏಪ್ರಿಲ್ ಬಂತೆಂದರೆ ಟೇಬಲ್ ಫ್ಯಾನ್ ಮುಂದೆ ಸಾಲಾಗಿ ಮಲಗುವುದೇ ಗತಿ. ಗೋಡೆ ಒಡೆಯದೆ ಆ ಲೈಟಿನ ಜಾಗಕ್ಕೇ ಫ್ಯಾನ್ ಹಾಕಬಹುದು. ಲೈಟಿಗಿರುವುದು ಒಂದೇ ಸ್ವಿಚ್ಚು, ರೆಗ್ಯುಲೇಟರ್ ಇಲ್ಲ. ರಿಮೋಟ್ ಫ್ಯಾನಿಗೆ ಅಷ್ಟೇ ಸಾಕು. ಬೆಳಕೂ ಬೇಕಾದರೆ ಕೆಳಗೆ ಎಲ್‌ಇಡಿ ಇರುವ ಮಾಡೆಲ್ ಕೇಳಿ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ತೊಗೊಂಡರೆ ಕರೆಂಟೂ ಉಳಿಯುತ್ತದೆ: ಮಾಮೂಲಿ ಫ್ಯಾನಿಗೆ 75 ವ್ಯಾಟ್ ಆಸುಪಾಸು, ಇದಕ್ಕೆ ಸುಮಾರು 30.

ವೈರ್ ಸೇರಿಸುವುದು ಹತ್ತು ನಿಮಿಷದ ಕೆಲಸ. ತಲೆ ಕೆಡಿಸಿಕೊಳ್ಳಬೇಕಾದದ್ದು ಹುಕ್ಕಿನ ಬಗ್ಗೆ. ಬಲ್ಬು, ಹೋಲ್ಡರ್ ಸೇರಿದರೂ ಅರ್ಧ ಕಿಲೋ ತೂಗುವುದಿಲ್ಲ. ಫ್ಯಾನು ನಾಲ್ಕು ಕಿಲೋ ಹತ್ತಿರ, ಸಾಲದ್ದಕ್ಕೆ ದಿನವಿಡೀ ಅಲುಗುತ್ತದೆ. ಲೈಟಿನ ಪ್ಲಾಸ್ಟಿಕ್ ಬಾಕ್ಸಿಗೆ ಸ್ಕ್ರೂ ಹೊಡೆದು ನೇತುಹಾಕಿದರೆ ಒಂದು ದಿನ ತಲೆ ಮೇಲೆ ಬೀಳುತ್ತದೆ, ಅಷ್ಟೇ.

ಮುಚ್ಚಳ ತೆಗೆದು ನೋಡಿ. ಒಳಗೆ ಗಟ್ಟಿ ಕಬ್ಬಿಣದ ಸರಳು ಅಡ್ಡ ಹಾದಿದ್ದರೆ ನಿಮ್ಮ ಪುಣ್ಯ, ಮೋಲ್ಡ್ ಹಾಕುವಾಗಲೇ ಯಾರೋ ಫ್ಯಾನ್ ಬಾಕ್ಸ್ ಇಟ್ಟಿದ್ದಾರೆ. ಇಲ್ಲದಿದ್ದರೆ ಪಕ್ಕದಲ್ಲಿ ಕಾಂಕ್ರೀಟಿಗೆ ತೂತು ಕೊರೆದು ಆಂಕರ್ ಹುಕ್ಕು (ಬಿಗಿದಂತೆ ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವಂಥದ್ದು) ಬಿಗಿಯಬೇಕು. ಒಳಗೆ ವೈರಿನ ಪೈಪ್ ಹೋಗಿರುತ್ತದೆ, ಹಾಗಾಗಿ ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಬಿಗಿದ ಮೇಲೆ ಜೋರಾಗಿ ಜಗ್ಗಿ ನೋಡಿ. ಹೆಂಚಿನ ಮನೆಯಾದರೆ ಗಟ್ಟಿ ತೊಲೆಗೇ ಹುಕ್ಕು. ಫಾಲ್ಸ್ ಸೀಲಿಂಗ್ ಇದ್ದರೆ ರಾಡ್ ಅದನ್ನು ದಾಟಿ ಮೇಲಿನ ಮೋಲ್ಡಿಗೇ ಹೋಗಬೇಕು.

ಈಗ ಕರೆಂಟು. ಸ್ವಿಚ್ ಆರಿಸಿದೆ, ಸಾಕು ಅಂದುಕೊಳ್ಳಬೇಡಿ. ಹಳೇ ವೈರಿಂಗಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೊಟ್ಟಿರುವುದೂ ಉಂಟು. ಆಗ ಲೈಟ್ ಆರಿದ್ದರೂ ಮೇಲಿನ ವೈರಲ್ಲಿ ಫೇಸ್, ಅಂದರೆ ಕರೆಂಟು, ಇದ್ದೇ ಇರುತ್ತದೆ. ಟೆಸ್ಟರ್ ಸರಿಯಿದೆಯಾ ಅಂತ ಮೊದಲು ಒಂದು ಪ್ಲಗ್ ಪಾಯಿಂಟಲ್ಲಿ ನೋಡಿಕೊಳ್ಳಿ. ಆಮೇಲೆ ಮೇನ್ ಇಳಿಸಿ, ಮೇಲಿನ ಎಲ್ಲ ವೈರಿಗೂ ಟೆಸ್ಟರ್ ಮುಟ್ಟಿಸಿ.

ಫ್ಯಾನನ್ನು ನೆಲದ ಮೇಲೇ ಜೋಡಿಸಿ. ರಾಡಿಗೆ ಬಟ್ಟಲಿನಂಥ ಎರಡು ಮುಚ್ಚಳ ಮೊದಲೇ ಪೋಣಿಸಬೇಕು. ನಾನು ಮೊದಲ ಸಲ ಫ್ಯಾನ್ ಏರಿಸಿ, ವೈರ್ ಸೇರಿಸಿ, ಟೇಪ್ ಸುತ್ತಿ ಹೆಮ್ಮೆಯಿಂದ ಏಣಿ ಇಳಿದರೆ ಎರಡೂ ಮುಚ್ಚಳ ಸೋಫಾ ಮೇಲೆ ಕೂತಿದ್ದವು! ಮತ್ತೆ ಎಲ್ಲ ಬಿಚ್ಚಿದ್ದಾಯಿತು. ರಾಡಿನ ಬೋಲ್ಟಿಗೆ ನಟ್ಟು ಹಾಕಿದ ಮೇಲೆ ಬೋಲ್ಟಿನ ತುದಿಯ ತೂತಿಗೆ ಪಿನ್ನು ತೂರಿಸಿ, ಪಿನ್ನಿನ ಎರಡು ಕಾಲನ್ನೂ ಒಂದೊಂದು ಕಡೆಗೆ ಬಗ್ಗಿಸಿ. ನಟ್ಟು ಸಡಿಲವಾದರೂ ಫ್ಯಾನ್ ಕಳಚದಂತೆ ತಡೆಯುವುದು ಈ ಚಿಕ್ಕ ತಂತಿಯೇ.

ಏರಿಸುವಾಗ ಇಬ್ಬರಿರಲಿ, ಒಬ್ಬರು ಭಾರ ಹಿಡಿಯಲಿ. ರೆಕ್ಕೆ ನೆಲದಿಂದ ಎಂಟಡಿ ಮೇಲಿರಲಿ. ಮೋಲ್ಡಿಗೆ ಅಂಟಿಕೊಂಡರೆ ಗಾಳಿ ಬರುವುದಿಲ್ಲ, ಒಂದಡಿ ಬಿಡಿ. ಫೇಸಿಗೆ ಫೇಸ್, ನ್ಯೂಟ್ರಲ್‌ಗೆ ನ್ಯೂಟ್ರಲ್, ಹಸಿರು ವೈರ್ ಅರ್ತಿಗೆ. ಲೈಟ್ ಪಾಯಿಂಟಿಗೆ ಅರ್ತ್ ಎಳೆದಿಲ್ಲವಾದರೆ ಎಳೆಸಿಕೊಳ್ಳಿ. ರೆಕ್ಕೆ ಕೊನೆಗೆ. ಫ್ಯಾನ್ ಓಲಾಡಿದರೆ ರೆಕ್ಕೆಯ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿದು ನೋಡಿ.

ರಿಮೋಟಿಗೆ ಸ್ವಿಚ್‌ಬೋರ್ಡ್ ಪಕ್ಕದಲ್ಲೇ ಒಂದು ಗೂಡು ಅಂಟಿಸಿ. ಇಲ್ಲವಾದರೆ ರಾತ್ರಿ ಹನ್ನೆರಡಕ್ಕೆ ಚಳಿ ಹತ್ತಿದಾಗ ದಿಂಬು, ಹಾಸಿಗೆ ಎಲ್ಲ ಕೊಡವಿ ಹುಡುಕಬೇಕಾಗುತ್ತದೆ.