ದಾಖಲೆ ಮೊದಲು, ಪಾರ್ಸರ್ ಆಮೇಲೆ

ಮಲ್ಪೆ ಬಂದರಿನಲ್ಲಿ ಮೀನು ಹರಾಜಾದ ಮೇಲೆ ಲೆಕ್ಕ ಬರೆಯುವವರು ಮೊಬೈಲಿನಲ್ಲಿ ‘ಬಂಗುಡೆ 25 ಕೆಜಿ 160’ ಎಂಬಂಥ ಸಾಲುಗಳನ್ನು ಟೈಪ್ ಮಾಡುತ್ತಾರೆ ಎಂದುಕೊಳ್ಳೋಣ. ಅವನ್ನು ಹೆಸರು, ತೂಕ, ದರ ಎಂದು ಬಿಡಿಸಿಕೊಡುವ ಪೈಥಾನ್ ಲೈಬ್ರರಿ ಬರೆಯಹೊರಟವರು ಮೊದಲು ಕೇಳುವುದು ‘ಯಾವ ಪಾರ್ಸರ್ ಬಳಸಲಿ?’ ಎಂದು. ಪಾರ್ಸರ್ ಎಂದರೆ ಹೀಗೆ ಸಾಲನ್ನು ಭಾಗಗಳಾಗಿ ಬಿಡಿಸುವ ಕೋಡ್. ಆ ಪ್ರಶ್ನೆಯನ್ನು ಒಂದು ದಿನ ಮುಂದೂಡಿ ದಾಖಲೆಯನ್ನು, ಅಂದರೆ ಕೋಡ್ ಏನು ಮಾಡಬೇಕೆಂಬ ವಿವರಣೆಯನ್ನು, ಬರೆದರೆ, ಉತ್ತರ ಬಹುಮಟ್ಟಿಗೆ ಅದರಲ್ಲೇ ಸಿಗುತ್ತದೆ.

ಫಂಕ್ಷನ್ ಇನ್ನೂ ಖಾಲಿ ಇರುವಾಗಲೇ ಅದರ ಆರಂಭದಲ್ಲಿ ವಿವರಣೆಯಾಗಿ ಇಡುವ ಪಠ್ಯವಾದ ಡಾಕ್‌ಸ್ಟ್ರಿಂಗ್ ಬರೆಯಿರಿ. 2001ರ ಪೈಥಾನ್ ಮಾರ್ಗಸೂಚಿ ಪಿಇಪಿ 257 ಸೂಚಿಸುವಂತೆ ಮೊದಲ ಸಾಲಿನಲ್ಲಿ ಸಾರಾಂಶ, ಬಳಿಕ ಒಂದು ಖಾಲಿ ಸಾಲು, ಆಮೇಲೆ ವಿವರ. ತೂಕ ಬಿಟ್ಟುಹೋದರೆ ಏನಾಗುತ್ತದೆ, ‘ಕೆಜಿ’ ಬದಲು ‘ಕಿಲೋ’ ಎಂದಿದ್ದರೆ ಒಪ್ಪಬೇಕೇ, ಯಾವ ತಪ್ಪಿಗೆ ಯಾವ ಎಕ್ಸೆಪ್ಶನ್ (ದೋಷದ ಸೂಚನೆ) ಎಂಬುದೆಲ್ಲ ವಿವರದಲ್ಲಿ ಬರಬೇಕು. ಜೊತೆಗೆ ಮೂರು ಬಾಣಗಳ ಗುರುತು (>>>) ಹಾಕಿ, ಕೊಟ್ಟ ಸಾಲನ್ನೂ ಬರಬೇಕಾದ ಫಲಿತಾಂಶವನ್ನೂ ಉದಾಹರಣೆಯಾಗಿ ಬರೆದಿಟ್ಟರೆ, ಪೈಥಾನ್ ಜೊತೆಗೇ ಬರುವ ಡಾಕ್‌ಟೆಸ್ಟ್ ಅದನ್ನು ಓಡಿಸಿ ನೋಡುತ್ತದೆ. ಕೋಡ್ ಬದಲಾಗಿ ದಾಖಲೆ ಹಳತಾದರೆ ಡಾಕ್‌ಟೆಸ್ಟ್ ಸುಮ್ಮನಿರುವುದಿಲ್ಲ.

ಇನ್ನು ಸಾಧನದ ಆಯ್ಕೆ. ಮಾಹಿತಿ ಸಿಎಸ್‌ವಿ ಅಥವಾ ಜೇಸನ್ ರೂಪದಲ್ಲಿದ್ದರೆ ಸಿದ್ಧ ಮಾಡ್ಯೂಲ್ ಸಾಕು. ನಮ್ಮ ಮೀನಿನ ಸಾಲಿಗೆ, ಪಠ್ಯವನ್ನು ಒಂದು ಮಾದರಿಗೆ ಹೊಂದಿಸಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸಾಕೆನಿಸುತ್ತದೆ. ಆದರೆ ಕನ್ನಡದಲ್ಲಿ ಎಡವುವುದು ಇಲ್ಲೇ. ಈ ಹುಡುಕಾಟಕ್ಕಿರುವ ಪೈಥಾನಿನ ಆರ್‌ಇ ಮಾಡ್ಯೂಲಿನಲ್ಲಿ ಪದಾಕ್ಷರವನ್ನು ಸೂಚಿಸುವ ‘ಡಬ್ಲ್ಯು’ (\w) ಚಿಹ್ನೆಯು ಕಾಗುಣಿತದ ಗುರುತುಗಳನ್ನೂ ಅನುಸ್ವಾರವನ್ನೂ ಅಕ್ಷರವೆಂದು ಪರಿಗಣಿಸದಿರುವುದರಿಂದ, ‘ಬಂಗುಡೆ’ಯು ‘ಬ’, ‘ಗ’, ‘ಡ’ ಎಂದು ಮೂರು ತುಂಡಾಗುತ್ತದೆ. ಅದರ ಬದಲು ಕನ್ನಡದ ಯೂನಿಕೋಡ್ ವ್ಯಾಪ್ತಿಯಾದ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಎಂದು ನೇರವಾಗಿ ಕೊಡಿ. ‘ಐಸ್‌ಬಾಕ್ಸ್’ನಂಥ ಪದದ ನಡುವೆ ಕಣ್ಣಿಗೆ ಕಾಣದಂತೆ ಕೂರುವ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಶೂನ್ಯ ಅಗಲದ ಗುರುತು (ಯೂನಿಕೋಡ್ 200ಸಿ) ಆ ವ್ಯಾಪ್ತಿಯ ಹೊರಗಿದೆ, ಅದನ್ನೂ ಸೇರಿಸಬೇಕು. ಅಂಕಿಗಳ ವಿಷಯದಲ್ಲಿ ಮಾತ್ರ ಪೈಥಾನ್ ಉದಾರಿ: ‘೨೫’ ಎಂದು ಕೊಟ್ಟರೂ ಅದನ್ನು 25 ಎಂದೇ ಓದುತ್ತದೆ.

ವ್ಯಾಪಾರಿಯೊಬ್ಬರು ದರದ ಜಾಗದಲ್ಲಿ ಐಸ್ ಖರ್ಚು ಕಳೆದು ‘(25+18)*160-200’ ಎಂದು ಬರೆದರೆ ಲೆಕ್ಕಾಚಾರ ಬದಲಾಗುತ್ತದೆ. ಆವರಣದೊಳಗೆ ಆವರಣ ಎಷ್ಟು ಆಳಕ್ಕೆ ಹೋದರೂ ಸರಿಯಾಗಿ ಹೊಂದಿಸುವ ಶಕ್ತಿ ಆರ್‌ಇ ಮಾಡ್ಯೂಲಿಗಿಲ್ಲ. ವ್ಯಾಕರಣ, ಅಂದರೆ ಸಾಲು ಹೇಗಿರಬೇಕೆಂಬ ನಿಯಮಗಳ ಪಟ್ಟಿ, ಚಿಕ್ಕದಾಗಿದ್ದರೆ, ಪ್ರತಿ ನಿಯಮಕ್ಕೆ ಒಂದು ಫಂಕ್ಷನ್‌ನಂತೆ ರಿಕರ್ಸಿವ್ ಡಿಸೆಂಟ್ ಪಾರ್ಸರನ್ನು ಕೈಯಾರೆ ಬರೆಯುವುದೇ ಮೇಲೆಂದು ನನ್ನ ಅಭಿಪ್ರಾಯ. ಬಳಕೆದಾರರು ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳಬೇಕಾಗುವುದಿಲ್ಲ. ಆದರೆ ನಿಯಮವೊಂದು ತನ್ನಿಂದಲೇ ಆರಂಭವಾಗುವಂತೆ ಬರೆದರೆ ಫಂಕ್ಷನ್ ತನ್ನನ್ನೇ ಕರೆಯುತ್ತಾ ಹೋಗಿ ಪ್ರೋಗ್ರಾಂ ಬೀಳುತ್ತದೆ. ವ್ಯಾಕರಣ ಬೆಳೆಯುವಂತಿದ್ದರೆ ಲಾರ್ಕ್ ಎಂಬ ಸಿದ್ಧ ಪಾರ್ಸರ್ ಲೈಬ್ರರಿ ಒಳ್ಳೆಯದು: ಅದರ ಅರ್ಲಿ ವಿಧಾನ ದ್ವಂದ್ವಾರ್ಥದ ವ್ಯಾಕರಣವನ್ನೂ ನಿಭಾಯಿಸುತ್ತದೆ, ಎಲ್‌ಎಎಲ್‌ಆರ್ ವಿಧಾನ ಕಟ್ಟುನಿಟ್ಟಾದರೂ ವೇಗವಾಗಿದೆ.

ಯಾವುದನ್ನೇ ಆರಿಸಿದರೂ ಪಾರ್ಸರಿನ ಮರವನ್ನು (ಬಿಡಿಸಿದ ಭಾಗಗಳ ಕವಲು ರಚನೆಯನ್ನು) ಬಳಕೆದಾರರ ಕೈಗೆ ಕೊಡದೆ ನಿಮ್ಮದೇ ಕ್ಲಾಸ್ ಹಿಂದಿರುಗಿಸಿ. ಪೈಥಾನ್ ಭಾಷೆಯೇ 2020ರ 3.9ನೇ ಆವೃತ್ತಿಯಲ್ಲಿ ತನ್ನ ಪಾರ್ಸರನ್ನು ಬದಲಿಸಿತು, ನೀವೂ ಬದಲಿಸಬೇಕಾದೀತು. ತಪ್ಪು ಕಂಡಲ್ಲಿ ಸಾಲಿನ ಸಂಖ್ಯೆಯನ್ನೂ ಸ್ಥಾನವನ್ನೂ ಹೇಳಿ.

ಕೊನೆಗೆ ದಾಖಲೆಯ ಪುಟ ತಯಾರಿಸುವ ಸಾಧನವಾದ ಸ್ಫಿಂಕ್ಸ್‌ನ ಆಟೋಡಾಕ್ ಈ ಡಾಕ್‌ಸ್ಟ್ರಿಂಗ್‌ಗಳನ್ನು ಪುಟಗಳಾಗಿ ಜೋಡಿಸುತ್ತದೆ. ಅದು ಮಾಡ್ಯೂಲನ್ನು ಇಂಪೋರ್ಟ್ ಮಾಡಿಯೇ ಓದುವುದರಿಂದ, ಫೈಲ್ ತೆರೆಯುವ ಅಥವಾ ನೆಟ್‌ವರ್ಕ್ ಹುಡುಕುವ ಸಾಲುಗಳನ್ನು ಮಾಡ್ಯೂಲಿನ ಮೇಲ್ಮಟ್ಟದಲ್ಲಿ ಬಿಡದೆ ಫಂಕ್ಷನ್ ಒಳಗೆ ಇಡಿ.