‘ಯಾವ ಲೈನ್?’ ಎಂದು ಮುಂಬಯಿ ಕೇಳಿದಾಗ

ಮುಂಬಯಿಗೆ ಬಂದ ಮೊದಲ ವಾರ ಪಕ್ಕದ ಮನೆಯವರು ನನ್ನನ್ನು ‘ಕೌನ್ ಸಾ ಲೈನ್?’ ಎಂದು ಕೇಳಿದರು. ‘ಹೋಟೆಲ್ ಲೈನ್’ ಎಂದೆ. ಉಡುಪಿ ಕಡೆಯಿಂದ ಬಂದವನಿಗೆ ಬೇರೇನು ಹೊಳೆದೀತು? ಮಾವ ಹೋಟೆಲ್ ಲೈನ್, ಅವರ ತಮ್ಮ ಬ್ಯಾಂಕ್ ಲೈನ್. ನಮ್ಮಲ್ಲಿ ಲೈನ್ ಎಂದರೆ ಕಸುಬು. ಅವರು ನಕ್ಕು, ‘ಅದಲ್ಲ, ನಿಮ್ಮ ಕಚೇರಿ ವೆಸ್ಟರ್ನೋ ಸೆಂಟ್ರಲೋ?’ ಎಂದರು.

ಹೊಸಬರು ಮೊದಲು ಕಲಿಯಬೇಕಾದದ್ದು ಲೋಕಲ್ ರೈಲಿನ ಈ ಲೈನನ್ನೇ. ಚರ್ಚ್‌ಗೇಟಿನಿಂದ ಬೋರಿವಲಿ, ವಿರಾರ್ ದಾಟಿ ದಹಾಣೂ ರೋಡ್‌ವರೆಗೆ ಹೋಗುವುದು ವೆಸ್ಟರ್ನ್. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆಗೆ ಸೆಂಟ್ರಲ್. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಓಡಿದ್ದು ಈ ಹಾದಿಯಲ್ಲೇ. ಆ ಹಿರಿಮೆಯಿಂದ ಇಂದಿನ ನೂಕುನುಗ್ಗಲೇನೂ ಕಡಿಮೆಯಾಗಿಲ್ಲ. ವಾಶಿ, ಪನ್ವೇಲ್‌ಗೆ ಹಾರ್ಬರ್.

ಮನೆ ಹುಡುಕುವಾಗ ನಕಾಶೆಯನ್ನು ನಂಬಬೇಡಿ. ಬೋರಿವಲಿ ಮತ್ತು ಠಾಣೆ ಅಕ್ಕಪಕ್ಕದಲ್ಲೇ ಕಾಣುತ್ತವೆ, ಆದರೆ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿದೆ. ಲೋಕಲ್ ರೈಲಿನಲ್ಲಿ ಹೋಗುವವರು ದಾದರ್‌ಗೆ ಬಂದು, ಮೇಲ್ಸೇತುವೆ ಹತ್ತಿಳಿದು, ಲೈನ್ ಬದಲಿಸಿ ಮತ್ತೆ ಉತ್ತರಕ್ಕೆ ಹೋಗಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂದರೇನೆಂದು ಕೊಂಕಣದಲ್ಲೇ ನಿಂತು ತಿಳಿದುಕೊಳ್ಳಬಹುದು.

ಇನ್ನೊಂದು ಗುಂಡಿ ಮಾಟುಂಗಾ. ಸೆಂಟ್ರಲ್ ಲೈನಿನ ನಿಲ್ದಾಣ ಬರಿಯ ‘ಮಾಟುಂಗಾ’, ವೆಸ್ಟರ್ನ್ ಲೈನಿನದು ‘ಮಾಟುಂಗಾ ರೋಡ್’. ಇಲ್ಲಿನ ಕನ್ನಡಿಗರ ಸಂಸ್ಥೆಗಳಲ್ಲಿ ಮೈಸೂರು ಅಸೋಸಿಯೇಷನ್‌ಗೆ ಮೊದಲನೆಯದು ಹತ್ತಿರ, ಕರ್ನಾಟಕ ಸಂಘಕ್ಕೆ ಎರಡನೆಯದು. ನಾನು ಒಮ್ಮೆ ಯಕ್ಷಗಾನಕ್ಕೆಂದು ಹೊರಟು ತಪ್ಪು ಮಾಟುಂಗಾದಲ್ಲಿ ಇಳಿದೆ. ದಾರಿ ಕೇಳುತ್ತಾ ನಡೆದು ಸೇರುವ ಹೊತ್ತಿಗೆ ಪ್ರಸಂಗ ಅರ್ಧಕ್ಕೆ ಬಂದಿತ್ತು.

ಬಸ್ ನಿಲ್ದಾಣದಲ್ಲಿ ಲೈನ್ ಎಂದರೆ ಸರದಿ. ಈ ಊರು ಅದನ್ನು ವ್ರತದಂತೆ ಪಾಲಿಸುತ್ತದೆ. ಮರಾಠಿಯಲ್ಲಿ ಸರದಿಗೆ ‘ರಾಂಗ್’ ಎನ್ನುತ್ತಾರೆ. ನಾನು ನೇರವಾಗಿ ಬಸ್ಸಿನ ಬಾಗಿಲಿಗೆ ಹೋದಾಗ ಅಜ್ಜಿಯೊಬ್ಬರು ‘ಅಹೋ, ರಾಂಗೇತ್ ಯಾ!’ ಎಂದು ಗದರಿದರು. ತಪ್ಪು ಬಸ್ಸು ಎನ್ನುತ್ತಿದ್ದಾರೆಂದು ಭಾವಿಸಿ, ಕೈಮುಗಿದು, ಪಕ್ಕಕ್ಕೆ ಸರಿದೆ. ಬಸ್ಸು ಹೋಯಿತು. ಅದೇ ನನ್ನ ಬಸ್ಸು.

ಮೆರೀನ್ ಲೈನ್ಸ್ ಎಂಬ ನಿಲ್ದಾಣದ ಹೆಸರಿನಲ್ಲಿರುವುದು ರೈಲಿನ ಲೈನ್ ಅಲ್ಲ. ಬ್ರಿಟಿಷರ ಕಾಲದಲ್ಲಿ ಅಲ್ಲಿದ್ದ ಮೆರೀನ್ ಬೆಟಾಲಿಯನ್ನಿನ ವಸತಿಯ ಸಾಲುಗಳು. ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಕಂಡವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇನ್ನು ಕಚೇರಿಯ ಹುಡುಗರು ಯಾರೋ ‘ಲೈನ್ ಮಾರ್ ರಹಾ ಹೈ’ ಎಂದರೆ ಅವನು ಗೆರೆ ಎಳೆಯುತ್ತಿಲ್ಲ, ಹುಡುಗಿಯೊಬ್ಬಳ ಹಿಂದೆ ಬಿದ್ದಿದ್ದಾನೆ. ಆ ಮಾತಿಗೆ ನೀವು ದನಿಗೂಡಿಸದಿರುವುದೇ ಲೇಸು.

ಇಷ್ಟೆಲ್ಲ ಅರ್ಥಗಳ ಬುಡದಲ್ಲಿರುವುದು ಒಂದು ದಾರ. ಲ್ಯಾಟಿನ್ನಿನ ‘ಲೀನಿಯಾ’ ಎಂದರೆ ಅಗಸೆ ನಾರಿನ ಎಳೆ. ನಮ್ಮ ಉತ್ತರ ಕರ್ನಾಟಕದವರು ರೊಟ್ಟಿಗೆ ಚಟ್ನಿಪುಡಿ ಮಾಡಿಕೊಳ್ಳುವ ಅಗಸೆಯೇ ಅದು. ಗಾರೆಯವರು ಗೋಡೆ ಕಟ್ಟುವಾಗ ಎಳೆದು ಹಿಡಿಯುವ ದಾರವನ್ನು ನೆನೆಸಿಕೊಳ್ಳಿ. ಗೆರೆ, ಸಾಲು, ಸರದಿ, ಹಳಿ, ಫೋನಿನ ತಂತಿ, ಪದ್ಯದ ಪಾದ ಎಲ್ಲವೂ ಅದರಿಂದಲೇ ಬಿಚ್ಚಿಕೊಳ್ಳುತ್ತವೆ. ಕನ್ನಡದಲ್ಲಿ ಒಂದೊಂದಕ್ಕೂ ಬೇರೆ ಮಾತಿರುವಾಗ ಇಂಗ್ಲಿಷಿನವರು ಒಂದರಲ್ಲೇ ಸಂಸಾರ ಸಾಗಿಸಿದ್ದಾರೆ.

ಭಾನುವಾರ ಊರಿನ ನೆಂಟರನ್ನು ಗೇಟ್‌ವೇ ತೋರಿಸಲು ಕರೆದೊಯ್ಯುವ ಮುನ್ನ ನಿಮ್ಮ ಲೈನಿನಲ್ಲಿ ಮೆಗಾಬ್ಲಾಕ್ ಇದೆಯೇ ಎಂದು ನೋಡಿಕೊಳ್ಳಿ. ಹಳಿ ದುರಸ್ತಿಯ ಆ ಕೆಲವು ಗಂಟೆಗಳಲ್ಲಿ ಇದ್ದ ರೈಲೂ ತಡ, ಜನವೂ ಎರಡು ಪಾಲು. ಬ್ಲಾಕ್ ಎಂದರೆ ಜಯನಗರದ ನಾಲ್ಕನೇ ಬ್ಲಾಕೇ ಎಂದು ನಮ್ಮ ಅತ್ತೆ ಕೇಳಿದ್ದರು. ಅದನ್ನು ಇನ್ನೊಮ್ಮೆ ಹೇಳುತ್ತೇನೆ.